ಮೂರನೇ ರೀಡಿಂಗ್

ನಾನೀಗ ಕೋಡ್ ಬರೆದು ಬದುಕೋನು. ಎಂಎಸ್ಸಿ ಕೆಮಿಸ್ಟ್ರಿ ಓದಿದ್ದು ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ. ಮೊನ್ನೆ ಹೆಂಡತಿಯ ಸನ್‌ಸ್ಕ್ರೀನ್ ಟ್ಯೂಬಿನ ಹಿಂದೆ 'ಅವೊಬೆನ್‌ಝೋನ್' ಅನ್ನೋ ಹೆಸರು ಕಂಡು ಹಳೇದೆಲ್ಲ ನೆನಪಾಯ್ತು.

ಅದಕ್ಕೆ ಬೋರಾನ್, ಫ್ಲೋರಿನ್ ಸೇರಿಸಿ ಮಾಡಿದ ವಸ್ತುವೇ ನನ್ನ ಪ್ರಾಜೆಕ್ಟು. ಅದರ ಗುಣವನ್ನು 2010ರಲ್ಲಿ ಪ್ರಕಟಿಸಿದ್ದು ವರ್ಜೀನಿಯಾ ವಿಶ್ವವಿದ್ಯಾಲಯದ ಕ್ಯಾಸಂಡ್ರಾ ಫ್ರೇಸರ್ ತಂಡ. ಕಾಗದಕ್ಕೆ ತೆಳ್ಳಗೆ ಸವರಿ, ಕಾಯಿಸಿ ಆರಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದರೆ ನೀಲಿಯಾಗಿ ಹೊಳೆಯುತ್ತೆ. ಹತ್ತಿ ಕಡ್ಡಿಯಿಂದ ಗೀರಿದರೆ ಗೀರಿದ ಕಡೆ ಮಾತ್ರ ಹಳದಿ-ಹಸಿರು. ಅಣು ಮುರಿಯಲ್ಲ, ಅಣುಗಳು ಪಕ್ಕಪಕ್ಕ ಕೂತಿದ್ದ ರೀತಿ ಕೆಡುತ್ತೆ, ಅಷ್ಟೆ. ಸುಮ್ಮನೆ ಬಿಟ್ಟರೆ ಮತ್ತೆ ಮೊದಲಿನ ಬಣ್ಣಕ್ಕೇ ಬರುತ್ತೆ. (ಒತ್ತಡ, ಬಣ್ಣ ಬದಲಾವಣೆ ಅಂದಾಗ ನಿಮ್ಮ ಮ್ಯಾನೇಜರ್ ನೆನಪಾದರೆ ನಾನು ಹೊಣೆಯಲ್ಲ.) ಆಮೇಲೆ 2013ರಲ್ಲಿ ಫ್ರೇಸರ್ ಜೊತೆ ಕೋಲ್ಕತ್ತಾದ ಮಲ್ಲಾ ರೆಡ್ಡಿ, ನಮ್ಮ ಐಐಎಸ್‌ಸಿಯ ರಾಮಮೂರ್ತಿ ಇದರ ಹರಳುಗಳನ್ನೇ ಒತ್ತಿ ನೋಡಿದರು. ಪದರ ಪದರವಾಗಿ ಜಾರುವ ಮೆತ್ತನೆಯ ಹರಳು ಚೆನ್ನಾಗಿ ಬಣ್ಣ ಬದಲಿಸುತ್ತೆ, ಪಟಕ್ಕನೆ ಒಡೆಯುವ ಹರಳು ಅಷ್ಟಾಗಿ ಇಲ್ಲ.

ನನ್ನ ಕೆಲಸ ಸುಲಭ. ಗೀರೋದು, ಅದು ಮಾಸುವಾಗ ಇಷ್ಟಿಷ್ಟು ಹೊತ್ತಿಗೊಂದು ರೀಡಿಂಗ್ ತಗೊಳ್ಳೋದು. ಒಂದು ಸಂಜೆ ಮೂರನೇ ರೀಡಿಂಗ್ ಹೊತ್ತಿಗೆ ಸರಿಯಾಗಿ ಇಂಟರ್‌ವ್ಯೂ ಕಾಲ್ ಬಂತು. ಮುಗಿಸಿ ಬಂದಾಗ ನಾಲ್ಕನೇದರ ಹೊತ್ತು. ಎರಡಕ್ಕೂ ನಾಲ್ಕಕ್ಕೂ ನಡುವೆ ಹೊಂದೋ ಒಂದು ಸಂಖ್ಯೆ ಬರೆದುಬಿಟ್ಟೆ. ಗ್ರಾಫ್ ಎಷ್ಟು ಅಚ್ಚುಕಟ್ಟಾಗಿ ಬಂತು ಅಂದ್ರೆ, ಗೈಡ್ ಮೇಡಂ ಅದನ್ನ ಜೂನಿಯರ್‌ಗಳಿಗೆಲ್ಲ ತೋರಿಸಿದರು.

ಹತ್ತು ದಿನ ನಿದ್ದೆ ಇಲ್ಲ. ಕೊನೆಗೆ ಹೋಗಿ, "ಮೇಡಂ, ಮೂರನೇ ಪಾಯಿಂಟ್ ನಾನು ಅಳೆದಿದ್ದಲ್ಲ" ಅಂದೆ. ಅವರು ಬೈಯಲಿಲ್ಲ. ನೋಟ್‌ಬುಕ್ಕಿನ ಆ ಸಾಲಿನ ಮೇಲೆ, ಓದಕ್ಕೆ ಬರೋ ಹಾಗೆ, ಒಂದೇ ಗೆರೆ ಎಳೆಸಿ ಪಕ್ಕದಲ್ಲಿ ಸಹಿ, ತಾರೀಕು ಹಾಕಿಸಿದರು. "ಮೊದಲಿಂದ ಮಾಡು. ಫೋನ್ ಹೊರಗಿಟ್ಟು ಬಾ."

ನಿಜವಾದ ಮೂರನೇ ಪಾಯಿಂಟ್ ನಾನು ಬರೆದದ್ದಕ್ಕಿಂತ ತುಂಬ ಕೆಳಗಿತ್ತು. ಗೀರು ಮೊದಮೊದಲು ಬೇಗ ಮಾಸಿ, ಆಮೇಲೆ ಎಳೀತಾ ಹೋಗ್ತಿತ್ತು. ನನ್ನ ಸುಳ್ಳು ಗೆರೆ ನೆಟ್ಟಗಿತ್ತು.

ಮಾರನೇ ದಿನವೇ ಆಫರ್ ಲೆಟರ್ ಬಂತು. ಹೇಳೋಣ ಅಂತ ಹೋದರೆ ಮೇಡಂ ಹೊಸ ಗ್ರಾಫ್ ಹಿಡಿದು ಕೂತಿದ್ದರು. "ಈಗ ಕಾಣ್ತಿದೆ ನೋಡು" ಅಂದರು, ಬಾಗಿದ ಗೆರೆಯ ಮೇಲೆ ಪೆನ್ನಿಟ್ಟು. ಕೆಲಸದ ವಿಷಯ ಹೇಳೋಕೆ ನಂಗೆ ಇನ್ನೂ ಎರಡು ದಿನ ಬೇಕಾಯ್ತು.