ಮುಕ್ತಿನಾಥಕ್ಕೆ ಹೊರಟವರಿಗೆ

ನೇಪಾಳದ ಮುಕ್ತಿನಾಥ ಯಾತ್ರೆಗೆ ನಿಮ್ಮ ಮನೆಯ ಹಿರಿಯರು ಹೊರಟಿದ್ದರೆ ಈ ಮಾತು ಅವರಿಗೆ ತಲುಪಿಸಿ. ಅಲ್ಲಿನ 3,700 ಮೀಟರ್ ಎತ್ತರದಲ್ಲಿ ನೀರು 90 ಡಿಗ್ರಿಗೂ ಮೊದಲೇ ಕುದಿಯುತ್ತದೆ. ಆದ್ದರಿಂದ ಕುಡಿಯುವ ನೀರನ್ನು ಗುಳ್ಳೆ ಬಂದ ಕೂಡಲೇ ಇಳಿಸಬೇಡಿ, 3 ನಿಮಿಷ ಚೆನ್ನಾಗಿ ಕುದಿಯಲಿ. ಹಲ್ಲುಜ್ಜಲೂ ಅದೇ ನೀರು. ದೇವಸ್ಥಾನದ 108 ಧಾರೆಗಳ ತೀರ್ಥವನ್ನು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು, ಕುಡಿಯುವುದು ಬೇಡ. ಹೆಚ್ಚಿಟ್ಟ ಹಣ್ಣು, ಹಸಿ ಮೂಲಂಗಿ ಬಿಟ್ಟು ಹಬೆಯಾಡುವ ದಾಲ್‌ಭಾತ್ ಉಣ್ಣಿ. ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ.

ಭೇದಿ ಶುರುವಾದರೆ ಕೂಡಲೇ ಓಆರ್‌ಎಸ್ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ರಕ್ತ ಕಂಡರೆ, ಜ್ವರ ಏರಿದರೆ, ಮೂತ್ರ ಕಡಿಮೆಯಾದರೆ ಯಾತ್ರೆ ಅಲ್ಲಿಗೇ ನಿಲ್ಲಿಸಿ. ದರ್ಶನಕ್ಕಿಂತ ಮೊದಲು ವೈದ್ಯರು.