80 ಲೀಟರ್ ನೀರಿನ ಲೆಕ್ಕ



ನವೆಂಬರ್ ಎರಡನೇ ವಾರಾಂತ್ಯಕ್ಕೆ ನಾವು ಐದು ಜನ ಜೋಶುವಾ ಟ್ರೀ ನ್ಯಾಷನಲ್ ಪಾರ್ಕಿಗೆ ಹೊರಟಿದ್ದೀವಿ. ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಸುಮಾರು 140 ಮೈಲಿ, ಕ್ಯಾಲಿಫೋರ್ನಿಯಾದ ಮರುಭೂಮಿ. ಎರಡು ರಾತ್ರಿ ಟೆಂಟು, ಎರಡು ಹಗಲು ಬಂಡೆ ಹತ್ತೋದು. ಊರಿಗೆ ಫೋನ್ ಮಾಡಿದಾಗ ಅವ್ವನಿಗೆ ಹೇಳಿದೆ. "ಅಲ್ಲಿ ನೀರೈತಾ?" ಅಂದ್ಲು. ಇಲ್ಲ ಅಂದೆ. "ನೆಳ್ಳು?" ಅದೂ ಇಲ್ಲ. "ಮತ್ಯಾಕೆ ಸಾಯಾಕೆ ಹೋಗ್ತೀರಾ, ಅದೂ ದುಡ್ಡು ಕೊಟ್ಟು?"

ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮದು ಮಧುಗಿರಿ ಸೀಮೆ. ನಮ್ಮನೇಲಿ ಬಂಡೆ ಹತ್ತೋದು ಅಂದ್ರೆ ಕೂಲಿ. ಅಪ್ಪ ಕಲ್ಲು ಒಡೀತಿದ್ದ. ಎಲ್ಲಿ ಉಳಿ ಇಟ್ರೆ ಕಲ್ಲು ಸೀಳುತ್ತೆ ಅಂತ ಅಂಗೈ ಆಡಿಸಿಯೇ ಹೇಳ್ತಿದ್ದ. ಅವನ ಮಗ ನಾನು, ಗ್ರಾನೈಟಿನ ಬಿರುಕನ್ನ ಓದೋದು ಹೇಗೆ, ಅದರೊಳಗೆ ಕ್ಯಾಮ್ ಕೂರಿಸೋದು ಹೇಗೆ ಅಂತ ಫೀಸು ಕಟ್ಟಿ ಕ್ಲಾಸಿಗೆ ಹೋಗಿ ಕಲಿತೆ! ನಗಬೇಡಿ. ಅಪ್ಪನ ಕಲ್ಲು ಯಾರದೋ ಮನೆಯ ಪಾಯ ಸೇರ್ತಿತ್ತು. ನಾನು ಬಂಡೆ ಹತ್ತಿ, ಸುಮ್ನೆ ಕೂತು, ಬರಿಗೈಲಿ ಇಳೀತೀನಿ. ಬರಿಗೈಲಿ ಇಳಿಯೋ ಶನಿವಾರ ಒಂದು ನಮಗೂ ಬೇಕು ಕಣ್ರೀ.

"ಇದೆಲ್ಲ ನಮಗಲ್ಲ ಅಣ್ಣಾ" ಅನ್ನೋ ಹುಡುಗರಿಗೆ ನಾನು ಪೂರ್ಣಾ, ಆನಂದ್ ಹೆಸರು ಹೇಳ್ತೀನಿ. 2014ರ ಮೇ 25ರಂದು ಎವರೆಸ್ಟ್ ತುದಿ ಮುಟ್ಟಿದ ಮಾಲಾವತ್ ಪೂರ್ಣಾಗೆ ಆಗ 13 ವರ್ಷ, ಆದಿವಾಸಿ ಹುಡುಗಿ. ಜೊತೆಗಿದ್ದ ಆನಂದ್ ಕುಮಾರ್ ದಲಿತ ಹುಡುಗ. ಇಬ್ಬರೂ ತೆಲಂಗಾಣದ ಸಮಾಜ ಕಲ್ಯಾಣ ವಸತಿ ಶಾಲೆಯ ಮಕ್ಕಳು. ಹತ್ತೋದನ್ನ ಕಲಿತದ್ದು ಭುವನಗಿರಿಯ ಬಂಡೆ ಮೇಲೆ. ನಮ್ಮೂರಿನ ಕಡೆ ಅಂಥ ಬಂಡೆಗಳಿಗೆ ಬರವಿಲ್ಲ.

ಸರಿ, ಪ್ಲಾನಿಗೆ ಬರೋಣ. ಗ್ರೂಪಲ್ಲಿ ಒಬ್ಬರು ಮೊದಲು ಜುಲೈ ರಜೆಗೆ ಹೋಗೋಣ ಅಂದಿದ್ರು. ಅಯ್ಯೋ ಮಾರಾಯ! ಬೇಸಿಗೆಯಲ್ಲಿ ಅಲ್ಲಿ 38 ಡಿಗ್ರಿ ದಾಟುತ್ತೆ, ಕಾದ ಕಾವಲಿ ಮೇಲೆ ಕೈ ಇಟ್ಟ ಹಾಗೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಹತ್ತೋ ಕಾಲ. ಹಗಲು ಬಿಸಿಲು ಚುರುಗುಟ್ಟಿದ್ರೂ ರಾತ್ರಿ ಹಲ್ಲು ಕಟಕಟ ಅನ್ನುತ್ತೆ, ದಪ್ಪ ಸ್ಲೀಪಿಂಗ್ ಬ್ಯಾಗ್ ಬೇಕೇ ಬೇಕು. ಹತ್ತೋ ದಾರಿಗಳು 8000ಕ್ಕೂ ಹೆಚ್ಚು, ನಮಗೆ ಸುಲಭದ ಹತ್ತು ಸಾಕು. ಅಲ್ಲಿನ ಕಲ್ಲು ಒರಟು, ಅಂಗೈ ಚರ್ಮ ಸುಲಿಯುತ್ತೆ, ಸುತ್ತಿಕೊಳ್ಳೋಕೆ ಟೇಪು ತಗೊಂಡಿದ್ದೀನಿ. ಫೋನ್ ಸಿಗ್ನಲ್ ಇಲ್ಲ ಅಂತಲೇ ಲೆಕ್ಕ. ವಾಪಸ್ ಯಾವಾಗ ಬರ್ತೀವಿ ಅಂತ ಮನೇಲಿ ಬರೆದಿಟ್ಟು ಹೋಗ್ತೀವಿ.

ಹಿಡನ್ ವ್ಯಾಲಿ ಕ್ಯಾಂಪಲ್ಲಿ ಇರೋದು 44 ಜಾಗ, ಮುಂಗಡ ಬುಕಿಂಗ್ ಇಲ್ಲ, ಮೊದಲು ಹೋದವರದ್ದು. ಹಾಗಾಗಿ ಇಬ್ಬರು ಶುಕ್ರವಾರ ಬೆಳಗಿನ ಜಾವ 4ಕ್ಕೇ ಹೊರಡ್ತಾರೆ. ಪಾರ್ಕಿನೊಳಗೆ ಸೌದೆ ಆಯೋ ಹಾಗಿಲ್ಲ, ಕೊಂಡೊಯ್ಯಬೇಕು. ಒಣಮೀನು ಬೇಡ ಅಂತ ತೀರ್ಮಾನ ಆಗಿದೆ. ಮಡಿ ಅಲ್ಲ, ಕಯೋಟಿಗಳು ಬರ್ತಾವೆ ಅಂತ!

ಹಿಡನ್ ವ್ಯಾಲಿಯಲ್ಲಿ ನೀರಿಲ್ಲ. ಪಾರ್ಕಿನ ಅಂಚಲ್ಲಿ ಬ್ಲ್ಯಾಕ್ ರಾಕ್, ಕಾಟನ್‌ವುಡ್ ಥರದ ಕೆಲವೇ ಕಡೆ ನಲ್ಲಿ. ಪಾರ್ಕಿನವರ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಮೈ ಬೆವರೋ ಕೆಲಸ ಇದ್ರೆ ಎರಡು. ಅಂದ್ರೆ ಹೆಚ್ಚುಕಮ್ಮಿ 8 ಲೀಟರ್. ಐದು ಜನ, ಎರಡು ದಿನ: 80 ಲೀಟರ್. ಅವ್ವನ ಲೆಕ್ಕದಲ್ಲಿ ಐದಾರು ಬಿಂದಿಗೆ.

ಗ್ರೂಪಲ್ಲಿ ಈ ಲೆಕ್ಕ ಹಾಕಿದ ಕೂಡಲೇ ಒಬ್ಬ ಕನ್ನಡದ ಗೆಳೆಯನೇ ಬರೆದ: "ಅವರವರ ನೀರು ಅವರವರೇ ತರೋಣ, ಹೈಜೀನ್ ದೃಷ್ಟಿಯಿಂದ."

ಬರೆದವನು ಕೆಟ್ಟವನಲ್ಲ. ಮಾಮೂಲಿ ಮಾತೇ ಇರಬಹುದು. ಆದ್ರೆ ನಮ್ಮವ್ವ ಬಾವಿಕಟ್ಟೆಯ ಕೆಳಗೆ ಖಾಲಿ ಬಿಂದಿಗೆ ಇಟ್ಕೊಂಡು, ಮೇಲಿನವರು ಯಾರಾದ್ರೂ ಬಂದು ಎತ್ತರದಿಂದ ಹುಯ್ಯಲಿ ಅಂತ ಕಾದವಳು. ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದದ್ದು 1927ರ ಮಾರ್ಚ್ 20ಕ್ಕೆ. ಅದಾಗಿ ಎಷ್ಟೋ ದಶಕದ ಮೇಲೂ ಅವಳು ಅಲ್ಲೇ ನಿಂತಿದ್ಲು. "ನಿಮ್ಮ ನೀರು, ನಮ್ಮ ನೀರು" ಅನ್ನೋದು ಎಷ್ಟೇ ನಯವಾಗಿ ಬಂದ್ರೂ ನನ್ನ ಕಿವಿಗೆ ಆ ಬಿಂದಿಗೆಯ ಸದ್ದೇ ಕೇಳೋದು.

ಅರ್ಧ ಗಂಟೆ ಬಿಟ್ಟು ಉತ್ತರ ಬರೆದೆ. ಮರುಭೂಮಿಯಲ್ಲಿ ಒಬ್ಬನ ಬಾಟಲಿ ಒಡೆದ್ರೆ ಅವನೇನು ಮಾಡ್ಬೇಕು? 20 ಲೀಟರಿನ ನಾಲ್ಕು ಕ್ಯಾನು, ಎಲ್ಲರಿಗೂ ಒಂದೇ ನೀರು. ಒಂದು ಸೋರಿದ್ರೂ ಎಲ್ಲ ಹೋಗದ ಹಾಗೆ ಎರಡು ಕಾರಲ್ಲಿ ಹಂಚಿಡೋಣ. ಇನ್ನೊಂದು ಸಾಲನ್ನೂ ಸೇರಿಸಿದೆ: ನಾನು ಮೇಲೆ ಹತ್ತುವಾಗ ಕೆಳಗೆ ನನ್ನ ಹಗ್ಗ ಹಿಡಿಯೋನು ನೀನೇ. ನನ್ನ ಜೀವ ಹಿಡಿಯೋ ಕೈ ನಾನು ಮುಟ್ಟಿದ ಕ್ಯಾನನ್ನ ಮುಟ್ಟಲ್ಲ ಅಂದ್ರೆ ಹಗ್ಗವನ್ನೂ ಬೇರೆಯವರ ಕೈಗೆ ಕೊಡ್ತೀನಿ.

ಸ್ವಲ್ಪ ಹೊತ್ತು ಗ್ರೂಪು ಗಪ್‌ಚುಪ್. ಆಮೇಲೆ ಅವನೇ ಫೋನ್ ಮಾಡಿ, "ಎರಡು ಕ್ಯಾನು ನಂದು" ಅಂದ. ಅಷ್ಟೇ ಮಾತು.

ಹೋಗೋ ನೆಲ ಖಾಲಿ ನೆಲ ಅಂತಲೂ ಅಂದ್ಕೋಬೇಡಿ. ಉತ್ತರದ ಅಂಚಿನ ಓಯಸಿಸ್ ಆಫ್ ಮಾರಾದ ಒರತೆಯ ಸುತ್ತ ಸೆರಾನೊ, ಚೆಮೆಹ್ವೇವಿ ಜನ ಬಾಳಿದ್ರು. ಆ ನೀರು ಅವರ ಕೈತಪ್ಪಿ ಹೋದ ಮೇಲೆ 1936ರಲ್ಲಿ ಇಲ್ಲಿ ರಾಷ್ಟ್ರೀಯ ಸ್ಮಾರಕ, 1994ರಲ್ಲಿ ನ್ಯಾಷನಲ್ ಪಾರ್ಕ್. ಹಳೆಯ ಚಿತ್ರಗಳಿರೋ ಬಂಡೆಗಳನ್ನ ನಾವು ಹತ್ತಲ್ಲ. ನಿಯಮ ಇದೆ, ಇಲ್ಲದಿದ್ರೂ ಹತ್ತಲ್ಲ.

ಅಂದಹಾಗೆ ಒಂದು ಕ್ಯಾಂಪ್ ಜಾಗದಲ್ಲಿ ಆರು ಜನರವರೆಗೆ ಇರಬಹುದು, ನಾವಿರೋದು ಐದು. ಈ ಕಡೆ ಇರೋ ನಮ್ಮ ಹುಡುಗರು, ಹುಡುಗಿಯರು ಯಾರಾದ್ರೂ ಬರೋದಿದ್ರೆ ಬುಧವಾರದೊಳಗೆ ಇನ್‌ಬಾಕ್ಸ್ ಮಾಡಿ. ಮೊದಲ ಸಲ ಆದ್ರೂ ಪರವಾಗಿಲ್ಲ, ಹೆಲ್ಮೆಟ್ ಒಂದು ಹೆಚ್ಚಿಗೆ ಇದೆ. ಶೂ ಬಾಡಿಗೆಗೆ ಸಿಗುತ್ತೆ. ನೀವು ಬಂದ್ರೆ ಐದನೇ ಕ್ಯಾನು ತುಂಬಿಸ್ತೀನಿ.