ಅಚ್ಚು, ಠಸೆ, ಛಾಪ

ಅಥಣಿ, ಕಾಗವಾಡ, ಚಿಕ್ಕೋಡಿಯ ಕಡೆ ಒತ್ತಿ ಗುರುತು ಮೂಡಿಸುವ ಕೆಲಸಕ್ಕೆ ಮೂರು ಮಾತುಗಳಿವೆ. ಕಚೇರಿಯ ಕಾಗದದ ಮೇಲೆ ಬೀಳುವುದು ಠಸೆ. ಹೊಲದ ಖರೀದಿ ಬರೆಸುತ್ತಿದ್ದುದು ಛಾಪಾ ಕಾಗದದ ಮೇಲೆ. ಗೌರಿ ಹುಣ್ಣಿಮೆಯ ಸಕ್ಕರೆ ಆರತಿಗೆ ಬೇಕಾಗುವುದು ಅಚ್ಚು. ಮೊದಲಿನವೆರಡು ಮರಾಠಿ, ಹಿಂದಿಗಳ ನೆರೆಯಿಂದ ಬಂದವು. ಅಚ್ಚು ಮಾತ್ರ ತಮಿಳು, ಮಲಯಾಳದಲ್ಲೂ ಇರುವ, ಪುಸ್ತಕದ ಮುದ್ರಣಕ್ಕಿಂತ ಹಳೆಯ ನಮ್ಮ ಮಾತು. ‘ಅಚ್ಚಳಿಯದ ನೆನಪು’ ಎನ್ನುವಾಗಲೂ ಒಳಗಿರುವುದು ಅದೇ.

ನನಗೆ ಪ್ರೀತಿ ಆ ಕಟ್ಟಿಗೆಯ ಅಚ್ಚಿನ ಮೇಲೆ. ನೀರಲ್ಲಿ ನೆನೆಹಾಕಿ, ಎರಡು ಹೋಳು ಕೂಡಿಸಿ ದಾರ ಬಿಗಿದು, ಪಾಕ ಸುರಿದರೆ ಆನೆಯೋ ತೇರೋ ಎದ್ದು ಬರುತ್ತದೆ. ಕೆತ್ತುವವನು ಉಬ್ಬಿರಬೇಕಾದಲ್ಲಿ ತಗ್ಗು ತೋಡಬೇಕು, ಬಲವನ್ನು ಎಡ ಮಾಡಬೇಕು. ಕಾಣಬೇಕಾದುದನ್ನು ತಿರುವಿ ನೋಡಬಲ್ಲ ಕಣ್ಣು ಅವನದು.

ಬಟ್ಟೆಯ ಅಚ್ಚಿನ ಕಥೆಯೂ ಇಲ್ಲಿಗೆ ಮುಟ್ಟುತ್ತದೆ. ನಮ್ಮಲ್ಲಿ ನಾಮದೇವ ಸಿಂಪಿಗಳೆಂದರೆ ಹೊಲಿಯುವವರು. ಗುರು ಗ್ರಂಥ ಸಾಹಿಬದ ಪದಗಳಲ್ಲಿ ಅದೇ ಸಂತ ನಾಮದೇವ ತಾನು ‘ಛೀಪಾ’ ಎನ್ನುತ್ತಾನೆ. ರಾಜಸ್ಥಾನ, ಗುಜರಾತಿನಲ್ಲಿ ಛೀಪಾ ಎಂದರೆ ಕಟ್ಟಿಗೆಯ ಅಚ್ಚಿನಿಂದ ಬಟ್ಟೆಗೆ ಬಣ್ಣ ಒತ್ತುವವ.

ಇನ್ನು ಅಕ್ಷರದ ಅಚ್ಚು. ಪುಣೆಯಲ್ಲಿ ಇಂಗ್ಲಿಷರ ರೆಸಿಡೆಂಟ್ ಆಗಿದ್ದ ಚಾರ್ಲ್ಸ್ ಮ್ಯಾಲೆಟ್ ಒಬ್ಬ ತಾಂಬಟನಿಗೆ, ಎಂದರೆ ತಾಮ್ರದ ಕೆಲಸದವನಿಗೆ, ಅಕ್ಷರ ಕೆತ್ತುವುದನ್ನು ಕಲಿಸಿದ. ಪೇಶ್ವೆಯ ಮಂತ್ರಿ ನಾನಾ ಫಡಣವೀಸ ಅವನಿಂದ ಭಗವದ್ಗೀತೆಯನ್ನು ಕೆತ್ತಿಸತೊಡಗಿದ. 1800ರಲ್ಲಿ ನಾನಾ ತೀರಿಕೊಂಡ. ತಾಂಬಟ ಮಿರಜಕ್ಕೆ ಬಂದ. ಅಲ್ಲಿನ ಸಂಸ್ಥಾನಿಕ ಗಂಗಾಧರರಾವ್ ಪಟವರ್ಧನರ ಆಸರೆಯಲ್ಲಿ 1805ರಲ್ಲಿ ಗೀತೆ ಅಚ್ಚಾಯಿತು. ಬಿಡಿ ಮೊಳೆಗಳಿಲ್ಲ, ತಾಮ್ರದ ಮೇಲೆ ಒಂದೊಂದು ದೇವನಾಗರಿ ಅಕ್ಷರವನ್ನೂ ತಿರುವುಮುರುವಾಗಿ ಕೊರೆದದ್ದು. ಅದೇ ವರ್ಷ ದೂರದ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಮರಾಠಿ ವ್ಯಾಕರಣ ಹೊರಬಂತು. ಅವನ ಕನ್ನಡ ವ್ಯಾಕರಣಕ್ಕೆ 1817 ಬರಬೇಕಾಯಿತು. ಮಂಗಳೂರಿನ ಕಲ್ಲಚ್ಚಿನಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಮೂಡಿದ್ದು 1843ರಲ್ಲಿ.

ಕೇರಿ, ಮೋಗ್ಲಿಂಗರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಗೊತ್ತಿರಬೇಕು ಕೂಡ, ಅವರ ಋಣ ದೊಡ್ಡದು. ಆದರೆ ಮಿರಜದ ಗೀತೆ ಮರಾಠಿಗರ ಪುಸ್ತಕಗಳಲ್ಲೇ ಉಳಿದುಬಿಟ್ಟಿದೆ. ಕಾಗವಾಡ ದಾಟಿದರೆ ಮಿರಜ. ಸಂತೆಗೆ, ದವಾಖಾನೆಗೆ, ರೈಲಿಗೆ ನಾವು ಹೋಗುವ ಊರು. ಗಡಿಯ ಕನ್ನಡ ಶಾಲೆಗಳ ಗುರುಗಳು ಮುದ್ರಣದ ಪಾಠ ಹೇಳುವಾಗ ಆ ತಾಂಬಟನ ಕೈಕೆಲಸವನ್ನೂ ಮಕ್ಕಳಿಗೆ ಹೇಳಲಿ.